ಕಾರವಾರದ ಕೋಡಿಬಾಗದಲ್ಲಿ ಮೀನಿನ ಬಗ್ಗೆ ಓದಬಹುದು, ಬಾಲವಾಡಿ ಮಕ್ಕಳ ಬಗ್ಗೆ ಯಾಕಾಗೋದಿಲ್ಲ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಅಂಕೋಲೆಯ ಗೆಳತಿಯೊಬ್ಬಳು ಫೋನ್ ಮಾಡಿ "ಅಕ್ಕಾ, ಮನೇಲೇ ಕೂತು ಡಾಕ್ಟರೇಟ್ ಮಾಡಬಹುದಂತೆ, ಚಿಕ್ಕ ಮಕ್ಕಳ ಶಿಕ್ಷಣದ ಮೇಲೇ, ಪೂರ್ತಿ ಆನ್‌ಲೈನ್ ಅಂತೆ, ಸೇರ್ಲಾ?" ಅಂತ ಕೇಳಿದ್ಲು. ಬೇಡವೇ ಮಾರಾಯ್ತಿ ಅಂದೆ. ಅದೇ ಗಾಳಕ್ಕೆ ನಾನು ಒಮ್ಮೆ ಸಿಕ್ಕಿ ಹತ್ತು ಸಾವಿರ ಕಳ್ಕೊಂಡಾಗಿದೆ, ನಾಚಿಕೆಯಿಂದ ಮನೆಯವರಿಗೂ ಎಷ್ಟೋ ದಿನ ಹೇಳಿರ್ಲಿಲ್ಲ, ಈಗ ಪೇಪರಿಗೇ ಬರೀತಾ ಇದೀನಿ ನೋಡಿ.

ನಾನು ಕಾರವಾರದಲ್ಲಿ ಮಹಿಳಾ ಮಂಡಳದ ಒಂದು ಬಾಲವಾಡಿ ನಡೆಸ್ತೀನಿ, ಹದಿನಾಲ್ಕು ವರ್ಷ ಆಯ್ತು. ಇಗ್ನೋ ಮುಕ್ತ ವಿಶ್ವವಿದ್ಯಾಲಯದಿಂದ ಮಕ್ಕಳ ಪಾಲನೆ-ಶಿಕ್ಷಣದ ಡಿಪ್ಲೊಮಾ ಮಾಡ್ದೆ, ಆಮೇಲೆ ಎಂ.ಎ.ನೂ ಅಂಚೆಯಲ್ಲೇ ಮುಗಿಸ್ದೆ, ಎರಡಕ್ಕೂ ಮಾನ್ಯತೆ ಇದೆ. ಇಷ್ಟೆಲ್ಲ ದೂರಶಿಕ್ಷಣದಲ್ಲಿ ಆಗಿದೆ ಅಂದ್ಮೇಲೆ ಪಿಎಚ್‌ಡಿನೂ ಹಾಗೇ ಆಗ್ತದೆ ಅಂದ್ಕೊಂಡಿದ್ದೇ ನನ್ನ ತಪ್ಪು. ಫೋನಲ್ಲಿ ಆ ಹುಡುಗ ಎಷ್ಟು ಚಂದ ಮಾತಾಡಿದ ಅಂದ್ರೆ, ವಿದೇಶಿ ಯೂನಿವರ್ಸಿಟಿ ಮೇಡಂ, ಫೀಸು ಕಂತಲ್ಲಿ ಕಟ್ಟಿ ಮೇಡಂ, ಈ ಬ್ಯಾಚಿಗೆ ಎರಡೇ ಸೀಟು ಉಳಿದದ್ದು ಮೇಡಂ. ಡಾಕ್ಟರೇಟಿಗೂ ಟ್ಯೂಷನ್ ಕ್ಲಾಸಿನ ಹಾಗೆ ಬ್ಯಾಚು ಅಂದಾಗ್ಲೇ ನಂಗೆ ತಲೆಗೆ ಹೋಗ್ಬೇಕಿತ್ತು. ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಒಪ್ತದಾ ಅಂತ ಕೇಳಿದ್ದಕ್ಕೆ "ಇದು ಇಂಟರ್‌ನ್ಯಾಷನಲ್ ಮೇಡಂ" ಅಂದ. ಅದು ಉತ್ತರ ಅಲ್ಲ ಅಂತ ಗೊತ್ತಾಗಿದ್ದು ರಿಜಿಸ್ಟ್ರೇಶನ್ ದುಡ್ಡು ಹಾಕಿದ ಮೇಲೆ.

ಆಮೇಲೆ ಕೂತು ಹುಡುಕಿದೆ. ವಿದೇಶಿ ಯೂನಿವರ್ಸಿಟಿ ಹೆಸರಲ್ಲಿ ಎಡ್‌ಟೆಕ್ ಕಂಪನಿಗಳು ಕೊಡೋ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ ಮತ್ತೆ ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಎಐಸಿಟಿಇ 2022ರ ಅಕ್ಟೋಬರದಲ್ಲೇ ಎಚ್ಚರಿಕೆ ಕೊಟ್ಟಿದ್ವು. ಅದೇ ವರ್ಷದ ನವೆಂಬರದಲ್ಲಿ ಬಂದ ಯುಜಿಸಿಯ ಪಿಎಚ್‌ಡಿ ನಿಯಮದಲ್ಲೂ ದೂರಶಿಕ್ಷಣ ಅಥವಾ ಆನ್‌ಲೈನಲ್ಲಿ ಪಿಎಚ್‌ಡಿ ಕೊಡೋ ಹಾಗಿಲ್ಲ ಅಂತ ನೇರವಾಗೇ ಬರೆದಿದೆ. ಅಮೆರಿಕದಲ್ಲಿ ಇಂಥ ಆನ್‌ಲೈನ್ ಡಾಕ್ಟರೇಟು ನಿಜವಾಗಿಯೂ ಉಂಟು, ಅದು ಸುಳ್ಳಲ್ಲ. ಅಲ್ಲಿ ಪಿಎಚ್‌ಡಿ ಅಲ್ದೆ ಇಡಿಡಿ (ಡಾಕ್ಟರ್ ಆಫ್ ಎಜುಕೇಶನ್) ಅಂತಲೂ ಒಂದಿದೆ, ಕೆಲಸದಲ್ಲಿರೋ ಟೀಚರುಗಳು ತಮ್ಮ ಶಾಲೆಯ ತೊಂದರೆಯನ್ನೇ ಹಿಡ್ಕೊಂಡು ಮಾಡೋದು. ಆದ್ರೆ ಅದನ್ನ ನಂಬ್ಕೊಂಡು ನಾವಿಲ್ಲಿ ಸಾಲ ಮಾಡಿ ಫೀಸು ಕಟ್ಟಿದ್ರೆ, ನಾಳೆ ಇಲ್ಲಿನ ಕಾಲೇಜಿಗೆ ಅರ್ಜಿ ಹಾಕುವಾಗ ಆ ಸರ್ಟಿಫಿಕೇಟು ಗೋಡೆಗೆ ತೂಗುಹಾಕ್ಲಿಕ್ಕೆ ಮಾತ್ರ.

ನಿಯಮ ತಪ್ಪು ಅಂತ ನಾನು ಹೇಳೋದಿಲ್ಲ. ಮೂರು ವರ್ಷದ ಮಗೂನ ಬಗ್ಗೆ ಸ್ಕ್ರೀನ್ ನೋಡ್ಕೊಂಡು ಏನು ಸಂಶೋಧನೆ ಮಾಡ್ತೀರಿ? ನೆಲದ ಮೇಲೆ ಮಕ್ಕಳ ಮಧ್ಯೆ ಕೂರ್ಬೇಕು. ನಮ್ಮಲ್ಲಿಗೆ ಘಟ್ಟದ ಮೇಲಿಂದ ಒಬ್ಬ ಹೊಸ ಟೀಚರ್ ಬಂದಿದ್ಲು, ಒಳ್ಳೇ ಹುಡುಗಿ, ಒಂದು ಮಗು ಇಡೀ ಬೆಳಿಗ್ಗೆ "ಉದಾಕ ಜಾಯ್, ಉದಾಕ ಜಾಯ್" ಅಂತ ಅಳ್ತಾ ಇದ್ರೆ ಇವಳು ಪಾಪ ಆಟದ ಸಾಮಾನು ಒಂದೊಂದೇ ತಂದು ಕೊಡ್ತಾ ಇದ್ಲು. ಮಗು ಕೇಳಿದ್ದು ನೀರು. ನಮ್ಮ ಜಿಲ್ಲೆಯಲ್ಲಿ ಇದು ದಿನಾ ನಡೆಯೋ ಕಥೆ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಿರಸಿ ಕಡೆ ಹವ್ಯಕರ ಮಾತು, ಹಾಲಕ್ಕಿಗಳದ್ದು ಬೇರೆ, ಜೋಯಿಡಾದ ಕುಣಬಿಗಳದ್ದು ಬೇರೆ, ಯಲ್ಲಾಪುರ ಹಳಿಯಾಳದ ಸಿದ್ದಿಗಳದ್ದು ಇನ್ನೂ ಬೇರೆ. ಚಿಕ್ಕ ಮಕ್ಕಳಿಗೆ ಮನೆಮಾತಲ್ಲೇ ಕಲಿಸ್ಬೇಕು ಅಂತ 2020ರ ಶಿಕ್ಷಣ ನೀತಿ ಹೇಳ್ತದೆ, 3ರಿಂದ 8 ವರ್ಷದ ಮಕ್ಕಳಿಗೆ ಅಂತ 2022ರಲ್ಲಿ ಬಂದ ಪಠ್ಯಕ್ರಮದ ಚೌಕಟ್ಟೂ ಅದನ್ನೇ ಹೇಳ್ತದೆ. ಒಂದೇ ಕೋಣೇಲಿ ಮೂರು ಮನೆಮಾತು ಇದ್ರೆ ಟೀಚರ್ ಏನು ಮಾಡ್ಬೇಕು? ನಾನು ಓದ್ಬೇಕು ಅಂದ್ಕೊಂಡಿದ್ದು ಇದನ್ನೇ. ಹದಿನಾಲ್ಕು ವರ್ಷದ ನೋಟ್‌ಬುಕ್ಕುಗಳು ಕಪಾಟಲ್ಲಿವೆ, ಎರಡಕ್ಕೆ ಗೆದ್ದಲು ಹಿಡಿದಿದೆ ಅದು ಬೇರೆ ವಿಷಯ.

ಹಾಗಾದ್ರೆ ದಾರಿ ಏನು ಅಂದ್ರೆ ಪಾರ್ಟ್‌ಟೈಮ್ ಪಿಎಚ್‌ಡಿ, ಅದಕ್ಕೆ ಯುಜಿಸಿಯ ಅದೇ ನಿಯಮದಲ್ಲಿ ಅವಕಾಶ ಇದೆ. ಕಡಿಮೆ ಅಂದ್ರೆ 3 ವರ್ಷ, ಹೆಚ್ಚಂದ್ರೆ 6, ಮರುನೋಂದಣಿ ಮಾಡಿದ್ರೆ ಇನ್ನೆರಡು, ಹೆಂಗಸರಿಗೆ ಮೇಲಿಂದ ಮತ್ತೆರಡು ಅಂತ 10 ವರ್ಷದ ತನಕ ಎಳೀಬಹುದು, ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನದ ರಜೆನೂ ಇದೆ. ಕೇಳ್ಲಿಕ್ಕೆ ಬಹಳ ಚಂದ. ಆದ್ರೆ ಕೆಲಸ ಮಾಡೋ ಕಡೆಯಿಂದ ಎನ್‌ಒಸಿ, ಅಂದ್ರೆ ನಮ್ಮ ಅಡ್ಡಿ ಇಲ್ಲ ಅನ್ನೋ ಪತ್ರ, ತರ್ಬೇಕು, ಓದ್ಲಿಕ್ಕೆ ಇವರಿಗೆ ಸಮಯ ಸಿಗ್ತದೆ, ಬೇಕಾದ್ರೆ ಕೋರ್ಸ್‌ವರ್ಕಿಗೆ, ಅಂದ್ರೆ ಸಂಶೋಧನೆಗೆ ಮೊದಲಿನ ಕ್ಲಾಸುಗಳಿಗೆ, ಡ್ಯೂಟಿಯಿಂದ ಬಿಡ್ತೀವಿ ಅಂತ ಅದರಲ್ಲಿ ಬರೆದಿರ್ಬೇಕು. ನಮ್ಮ ಮಂಡಳದ ಅಧ್ಯಕ್ಷರು ಲೆಟರ್‌ಹೆಡ್ಡಲ್ಲಿ ಕೂಡ್ಲೇ ಬರ್ಕೊಟ್ರು, "ಬಾಲವಾಡಿ ನಾನೇ ನೋಡ್ಕೊಳ್ತೀನಿ ಹೋಗು" ಅಂದ್ರು. ಗೌರವಧನದ ಮೇಲೆ ದುಡಿಯೋ ಅಂಗನವಾಡಿ ಕಾರ್ಯಕರ್ತೆಗೆ ಯಾರು ಬರ್ಕೊಡ್ತಾರೆ? ಅವಳನ್ನ ಸರ್ವೆಗೆ ಕಳಿಸ್ಲಿಕ್ಕೆ ಎಲ್ಲರೂ ಇದ್ದಾರೆ.

ಇನ್ನು ಕೋರ್ಸ್‌ವರ್ಕು, ಕನಿಷ್ಠ 12 ಕ್ರೆಡಿಟ್, ಒಂದು ಕ್ರೆಡಿಟಿಗೆ 15 ತಾಸಿನ ಲೆಕ್ಕ ಹಿಡಿದ್ರೆ 180 ತಾಸು ಕ್ಲಾಸು. ನಂಗೆ ನನ್ನ ವಿಷಯಕ್ಕೆ ಗೈಡು ಹುಡುಕಿದ್ರೆ ಧಾರವಾಡ ಬಿಟ್ಟು ಈಚೆಗೆ ಯಾರೂ ಸಿಗ್ಲಿಲ್ಲ. ಕಾರವಾರದಿಂದ ಧಾರವಾಡ ಅಂದ್ರೆ ಅಂಕೋಲೆ ದಾಟಿ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ಮೇಲಿಂದ ನಾಲ್ಕೈದು ತಾಸು ಬಸ್ಸು, ವಾಪಸ್ ಅಷ್ಟೇ. 2021ರ ಜುಲೈಯಲ್ಲಿ ಆ ಘಟ್ಟ ಕುಸಿದು ದಾರಿನೇ ಬಂದಾಗಿತ್ತು, ಮಳೆಗಾಲದಲ್ಲಿ ಅಟೆಂಡೆನ್ಸ್ ಯಾರು ಕೊಡ್ತಾರೆ ಸ್ವಾಮಿ.

ಕರ್ನಾಟಕ ವಿವಿಯ ಪಿಜಿ ಸೆಂಟರ್ ನಮ್ಮ ಕೋಡಿಬಾಗದಲ್ಲೇ ಇದೆ, ನಮ್ಮನೆಯಿಂದ ನಡ್ಕೊಂಡು ಹೋಗುವಷ್ಟು ದೂರ. ಕಡಲ ಜೀವಶಾಸ್ತ್ರ ವಿಭಾಗ ಅಲ್ಲೇ ಇಟ್ಟಿದ್ದಾರೆ, ಯಾಕೆ, ಕಡಲು ಇಲ್ಲಿದೆ, ಮೀನು ಇಲ್ಲಿದೆ, ಧಾರವಾಡದಲ್ಲಿ ಕೂತು ಬಂಗಡೆ ಬಗ್ಗೆ ಓದ್ಲಿಕ್ಕೆ ಆಗೋದಿಲ್ಲ ಅಂತ. ಸರಿಯಾದ ಮಾತು. ಹಾಗಿದ್ರೆ ಇಷ್ಟು ನಮೂನೆ ಮಾತಾಡೋ ಮಕ್ಕಳೂ ಇಲ್ಲೇ ಇದ್ದಾರಲ್ಲ! ಚಿಕ್ಕ ಮಕ್ಕಳ ಶಿಕ್ಷಣಕ್ಕೇ ದುಡಿದ ತಾರಾಬಾಯಿ ಮೋಡಕರು ಮಹಾರಾಷ್ಟ್ರದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದಲ್ಲಿ, ಮಕ್ಕಳು ಶಾಲೆಗೆ ಬರ್ದೆ ಹೋದ್ರೆ ಶಾಲೆನೇ ಅವರ ಅಂಗಳಕ್ಕೆ ಒಯ್ದ್ರು, ಅಂಗನವಾಡಿ ಅನ್ನೋ ಯೋಚನೆ ಹುಟ್ಟಿದ್ದು ಹಾಗೆ. ನಾವು ಅಂಗಳದ ತನಕ ತನ್ನಿ ಅಂತಲೂ ಕೇಳ್ತಾ ಇಲ್ಲ, ಕೋಡಿಬಾಗದ ತನಕ ಸಾಕು. ಶನಿವಾರ ಭಾನುವಾರ ಅಲ್ಲಿ ಕೋರ್ಸ್‌ವರ್ಕ್ ಇಡಿ, ಗೈಡು ತಿಂಗಳಿಗೊಮ್ಮೆ ಘಟ್ಟ ಇಳಿದು ಬರ್ಲಿ, ಊಟಕ್ಕೆ ಮೀನ್ಸಾರು ನಮ್ಮ ಮಂಡಳದ್ದು. ಜಿಲ್ಲೆಯ ಶಾಸಕರು, ವಿವಿಯ ಸಿಂಡಿಕೇಟಿನಲ್ಲಿರೋರು ಇದನ್ನೊಮ್ಮೆ ಓದ್ಬೇಕು ಅಂತಲೇ ಇಷ್ಟು ಉದ್ದ ಬರ್ದೆ.

ಅಂಕೋಲೆಯ ಗೆಳತಿಗೆ ಮತ್ತೆ ಆ ಫೋನ್ ಬಂತಂತೆ. ನಾನು ಹೇಳಿಕೊಟ್ಟ ಹಾಗೆ "ಯುಜಿಸಿ ಒಪ್ಪಿದ ಕಾಗದ ಮೊದಲು ಮೇಲ್ ಮಾಡಿ, ದುಡ್ಡು ಆಮೇಲೆ" ಅಂದಿದ್ದಾಳೆ. ಆ ಕಡೆಯಿಂದ ಇನ್ನೂ ಮೇಲ್ ಬಂದಿಲ್ಲ.

ಇತಿ,
ಒಬ್ಬ ಬಾಲವಾಡಿ ಟೀಚರ್, ಕಾರವಾರ