ಮಿಕ್ಸಿ ಜಾರ್ ಹಿಡಿದು ನಿಂತಿದ್ದ ಅಮ್ಮನಿಗೆ

ಶನಿವಾರ ಸರ್ವಿಸ್ ಕೌಂಟರ್ ಹತ್ತಿರ ನನ್ನ ಹಿಂದೆ ನಿಂತಿದ್ದಿರಲ್ಲ ಅಮ್ಮಾ, ನಿಮ್ಮ ಹೆಸರು ಕೇಳೋದೇ ಮರೆತೆ.

ನಮ್ಮ ವಾಷಿಂಗ್ ಮಷಿನ್ ಬಂದು 11 ದಿನವಾಗಿತ್ತು. ಡ್ರಮ್ ತಿರುಗಿದರೆ ಕಲ್ಲು ರುಬ್ಬಿದ ಸದ್ದು. ಬಾಕ್ಸು ಅಷ್ಟರಲ್ಲಿ ರದ್ದಿಗೆ ಹೋಗಿತ್ತು, ಥರ್ಮಾಕೋಲ್ ಮಗಳ ಶಾಲೆಯ ಪ್ರಾಜೆಕ್ಟಿನಲ್ಲಿ ಗುಡ್ಡವಾಗಿತ್ತು. ‘ಬಾಕ್ಸ್ ಇಲ್ದೆ ವಾಪಸ್ ಆಗಲ್ಲ ಸಾರ್’ ಅಂತ ಹುಡುಗ ಅಂದಾಗ ನಾನು ಸುಮ್ನೆ ಹೊರಟಿದ್ದೆ.

ನೀವು ಬಿಲ್ ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಹಿಂದೆ ಮುಂದೆ ಓದಿದಿರಿ. ‘ಬಾಕ್ಸ್ ಬೇಕು ಅಂತ ಇದರಲ್ಲಿ ಎಲ್ಲಪ್ಪಾ ಬರೆದಿದೆ?’ ಎಷ್ಟು ದಿನದೊಳಗೆ ವಾಪಸ್ ಅನ್ನೋ ಅವಧಿಯನ್ನೂ ಬರೆದಿರಲಿಲ್ಲ. ಹಾಗಿದ್ದರೆ 30 ದಿನದೊಳಗೆ ದೋಷವಿರುವ ಸಾಮಾನು ವಾಪಸ್ ತಗೊಳ್ಳಲ್ಲ ಅನ್ನೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಅಂತ ನಿಮ್ಮಿಂದಲೇ ಗೊತ್ತಾಗಿದ್ದು. ‘1915ಕ್ಕೆ ಫೋನ್ ಮಾಡ್ಲಾ?’ ಅಂದಿರಿ. ಗ್ರಾಹಕ ಸಹಾಯವಾಣಿಯ ನಂಬರು ಕೇಳಿದ್ದೇ ತಡ, ಒಳಗಿಂದ ಮ್ಯಾನೇಜರ್ ಬಂದರು.

ಹೋಗುವಾಗ ಇನ್ನೊಂದು ಮಾತು ಹೇಳಿದಿರಿ: ಫ್ರಂಟ್ ಲೋಡ್ ಮಷಿನ್ ಸಾಗಿಸುವ ಮುಂಚೆ ಹಿಂಬದಿಯಲ್ಲಿ ಡ್ರಮ್ ಬಿಗಿಹಿಡಿಯುವ ಬೋಲ್ಟ್ ಹಾಕಿಸಿ, ಇಲ್ಲಾಂದ್ರೆ ಡ್ರಮ್ ಕುಲುಕಾಡಿ ‘ನೀವೇ ಕೆಡಿಸಿದ್ದು’ ಅಂತಾರೆ. ಪುಣ್ಯಕ್ಕೆ ನಾಲ್ಕೂ ಬೋಲ್ಟು ಮೊಳೆ ಡಬ್ಬಿಯಲ್ಲಿ ಸಿಕ್ಕವು. ಹಳೇ ಕಂಬಳಿ ಸುತ್ತಿ ಕಳಿಸಿದೆವು. ನಿನ್ನೆ ಹೊಸದು ಬಂತು.

ನಿಮ್ಮ ಜಾರ್ ರಿಪೇರಿ ಆಯ್ತಾ ಅಮ್ಮಾ?