ಕಿಟಕಿ ಇದೆ, ಇಣುಕೋಕಾಗಲ್ಲ

ಪ್ರೀತಿಯ ಸುಬ್ಬು,

ಹೋದ ಸಲ ಫೋನಿನಲ್ಲಿ ನಕ್ಕಿದ್ದೆಯಲ್ಲ, "ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮರದ ಮನೆಯಾ? ಭೂಕಂಪ ತಡೀತದಾ ಮಾರಾಯ?" ಅಂತ. ಭಾನುವಾರ ಹೋಗಿ ನೋಡಿಕೊಂಡೇ ಬಂದೆ. ಫ್ರಾಂಕ್ಲಿನ್ ಬೀದಿಯ ಹಾಸ್-ಲಿಲಿಯೆಂತಾಲ್ ಮನೆ. ಕಟ್ಟಿದ್ದು 1886ರಲ್ಲಿ. ಇವತ್ತಿಗೂ ಗಟ್ಟಿಯಾಗಿದೆ.

ಕಟ್ಟಿಸಿದ ವಿಲಿಯಂ ಹಾಸ್ ಬವೇರಿಯಾದಿಂದ ಬಂದ ದಿನಸಿ ಸಗಟು ವ್ಯಾಪಾರಿ. ನಕ್ಷೆ ಪೀಟರ್ ಸ್ಮಿಟ್ ಎಂಬಾತನದು. ಖರ್ಚು 18,500 ಡಾಲರ್. ಆ ಕಾಲಕ್ಕೆ ಅದು ದೊಡ್ಡ ಗಂಟೇ.

ಶೈಲಿಗೆ ಕ್ವೀನ್ ಆ್ಯನ್ ಅಂತ ಹೆಸರು. ಆ ರಾಣಿ ಸತ್ತಿದ್ದು 1714ರಲ್ಲಿ, ಶೈಲಿ ಬಂದಿದ್ದು ನೂರೈವತ್ತು ವರ್ಷದ ಮೇಲೆ! ಎಡಕ್ಕಿದ್ದದ್ದು ಬಲಕ್ಕೂ ಇರಬೇಕೆಂಬ ಹಟ ಇದಕ್ಕಿಲ್ಲ. ಒಂದು ಕಡೆ ಚೂಪು ಛಾವಣಿ, ಇನ್ನೊಂದು ಕಡೆ ಮುಂದಕ್ಕೆ ಚಾಚಿದ ಕಿಟಕಿ, ಮೂಲೆಯಲ್ಲಿ ಟೊಪ್ಪಿಗೆ ಹಾಕಿಕೊಂಡ ದುಂಡನೆ ಗೋಪುರ. ಗೋಡೆಯ ಮೇಲೆ ಸಣ್ಣ ಮರದ ಬಿಲ್ಲೆಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಜೋಡಿಸಿದ್ದಾರೆ. ನಿಮ್ಮ ಆಚಾರಿಗೆ ಇದು ಹಿಡಿಸಲಿಕ್ಕಿಲ್ಲ. ಈ ಊರಿನಲ್ಲಿ ಆಗ ಇಂಥ ಅಲಂಕಾರವೆಲ್ಲ ಜಾಸ್ತಿ ಮಿಲ್ಲಿನಲ್ಲಿ ಯಂತ್ರ ಕೊರೆದದ್ದು. ಪುಸ್ತಕ ನೋಡಿ ಆರಿಸಿಕೊಂಡು ತರಿಸುತ್ತಿದ್ದರು. ನಿಮ್ಮನೆ ಕಂಬದ ಮೇಲಿನ ಬೋದಿಗೆಯ ಹಾಗೆ ಉಳಿ ಹಿಡಿದು ತಿಂಗಳುಗಟ್ಟಲೆ ಕೂತ ಕೆಲಸ ಅಲ್ಲ.

ಗೋಪುರದ್ದು ಇನ್ನೂ ತಮಾಷೆ. ಮೇಲಿನ ಕಿಟಕಿಗಳು ಅಟ್ಟದ ನೆಲದಿಂದ ಎಷ್ಟು ಎತ್ತರದಲ್ಲಿವೆ ಅಂದರೆ, ನಿಂತು ಇಣುಕೋಕೆ ಆಗಲ್ಲ. ಸುಮ್ನೆ ಬೀದಿಯವರು ನೋಡಲಿ ಅಂತ! ನನಗಂತೂ ಆ ಜಂಬ ಇಷ್ಟವಾಯಿತು.

ಇನ್ನು ನಿನ್ನ ಪ್ರಶ್ನೆ. 1906ರ ಏಪ್ರಿಲ್ 18ರ ಬೆಳಗಿನ ಜಾವ ಊರು ನಡುಗಿತು. ಮರದ ಚೌಕಟ್ಟು ಬಾಗುತ್ತದೆ, ಇಟ್ಟಿಗೆಯ ಗೋಡೆಯ ಹಾಗೆ ಸಿಡಿಯೋದಿಲ್ಲ. ಹಾಗಾಗಿ ಈ ಮನೆಗೆ ಹೆಚ್ಚೇನೂ ಆಗಲಿಲ್ಲ. ನಿಜವಾದ ಗಂಡಾಂತರ ಆಮೇಲೆ ಹತ್ತಿದ ಬೆಂಕಿ. ಅದನ್ನು ತಡೆಯಲು ಪಕ್ಕದ ವ್ಯಾನ್ ನೆಸ್ ರಸ್ತೆಯ ದೊಡ್ಡ ದೊಡ್ಡ ಮನೆಗಳನ್ನು ಡೈನಮೈಟ್ ಇಟ್ಟು ಉರುಳಿಸಿದರು. ಬೆಂಕಿ ಬಹುಮಟ್ಟಿಗೆ ಅಲ್ಲೇ ನಿಂತಿತು. ಇದು ಅಲ್ಲಿಂದ ಒಂದೇ ಬೀದಿ ಆಚೆ. ಅಂದರೆ ನೆರೆಯವರ ಮನೆ ಹೋಗಿದ್ದಕ್ಕೆ ಇದು ಉಳಿಯಿತು. ಅಲ್ಲಿ ನಿಂತಾಗ ಒಂಥರಾ ಆಯಿತು.

ಆಮೇಲೆ ಉಳಿಸಿದ್ದು ವಿಲಿಯಂ ಹಾಸ್‌ನ ಮಗಳು ಆಲಿಸ್. ಏನು ಮಾಡಿದಳು ಅಂತೀಯಾ? ಹೆಚ್ಚೇನೂ ಮಾಡಲಿಲ್ಲ! ಮದುವೆಯಾಗಿ ಕೆಲವು ವರ್ಷ ಹೊರಗಿದ್ದು, ಅಪ್ಪ ತೀರಿಕೊಂಡ ಮೇಲೆ ವಾಪಸು ಬಂದಳು. 1972ರಲ್ಲಿ ಸಾಯುವವರೆಗೂ ಇಲ್ಲೇ ಇದ್ದಳು. 1928ರಲ್ಲಿ ಒಂದಿಷ್ಟು ಕೂಡಿಸಿ ಕಟ್ಟಿದ್ದು ಬಿಟ್ಟರೆ ಮನೆ ಹಾಗೇ ಉಳಿಯಿತು. ಅವಳು ಸತ್ತ ಎರಡು ವರ್ಷದ ಮೇಲೆ ಮನೆಯವರು ಅದನ್ನು ಸ್ಯಾನ್ ಫ್ರಾನ್ಸಿಸ್ಕೋ ಹೆರಿಟೇಜ್ ಸಂಸ್ಥೆಗೆ ಕೊಟ್ಟುಬಿಟ್ಟರು. ಮೇಜು ಕುರ್ಚಿಗಳೂ ಅವರವೇ. ನಿಮ್ಮಲ್ಲಾಗಿದ್ದರೆ ಅಷ್ಟರಲ್ಲಿ ನಾಲ್ಕು ಪಾಲು ಆಗಿರುತ್ತಿತ್ತು, ಅಲ್ವಾ?

ಅಂದಹಾಗೆ, ಜಗಲಿ ಕಂಬಕ್ಕೆ ಬಳಿದ ಹಸಿರು ಪೇಂಟ್ ಕೆರೆಸ್ತೀನಿ ಅಂದಿದ್ದೆಯಲ್ಲ. ಕೆರೆಸಿದೆಯಾ? ಫೋಟೋ ಕಳಿಸು.

ನಿನ್ನ,
ರಾಘು