ಜೇನು ಸವರಿದ ಆ ಕೈಗಳಿಗೆ

ನಮ್ಮ ನಾಯಿ ಕರಿಯನ ತೊಡೆಯ ಗಡ್ಡೆ ತೆಗೆಸಿ ಆರನೇ ದಿನ. ರಾತ್ರಿ, ಗಾಯ ನೆಕ್ಕದಿರಲಿ ಅಂತ ಕತ್ತಿಗೆ ಹಾಕಿದ್ದ ಕಾಲರ್ ಕಿತ್ತುಹಾಕಿ, ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಚಿಕೊಂಡಿದ್ದ. ಗಾಯ ಬಾಯಿ ತೆರೆದಿತ್ತು, ವಾಸನೆ ಬೇರೆ. ಎತ್ತಿಕೊಂಡು ಓಡಿದೆ. ಡಾಕ್ಟರು ನೋಡಿ, ಕೀವು ಇರುವಾಗ ಮತ್ತೆ ಹೊಲಿಯೋದು ಬೇಡ, ಜೇನು ಹಾಕಿ ಕಟ್ಟೋಣ ಅಂದರು. ಕಟ್ಟಲು ಬಂದವರು ನೀವು.

"ಮನೇಲಿ ಕೊಡಗಿನ ಜೇನಿದೆ, ತರ್ಲಾ?" ಅಂತ ಪೆದ್ದನ ಹಾಗೆ ಕೇಳಿದೆ. ನೀವು ನಗಲಿಲ್ಲ. "ಅದು ದೋಸೆಗಿರಲಿ ಸರ್. ಇದು ಗಾಯಕ್ಕೆ ಅಂತಲೇ ಗಾಮಾ ಕಿರಣದಲ್ಲಿ ಶುದ್ಧ ಮಾಡಿದ್ದು" ಅಂದಿರಿ. ತಣ್ಣಗಿದ್ದರೆ ಬೆಚ್ಚಿಬೀಳ್ತಾನೆ ಅಂತ ಟ್ಯೂಬನ್ನು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿದಿರಿ. ಜೇನು ಗಾಯದ ನೀರನ್ನು ಎಳೆಯುತ್ತೆ, ಮೊದಮೊದಲು ಜಾಸ್ತಿ ಸೋರುತ್ತೆ ಅಂತ ಮೊದಲೇ ಹೇಳಿದಿರಿ. ಅದಕ್ಕೇ ಆ ರಾತ್ರಿ ಒದ್ದೆಯಾದ ಪಟ್ಟಿ ನೋಡಿಯೂ ನಾನು ನಿದ್ದೆ ಮಾಡಿದೆ.

ನಾಲ್ಕನೇ ದಿನ ವಾಸನೆ ಹೋಗಿತ್ತು. ಪಟ್ಟಿ ಬಿಚ್ಚಿ, "ನೋಡಿ, ದಾಳಿಂಬೆ ಕಾಳಿನ ಹಾಗೆ ಹೊಸ ಮಾಂಸ" ಅಂತ ತೋರಿಸಿದಿರಿ. ಅವತ್ತು ನನ್ನ ಕಣ್ಣು ಒದ್ದೆಯಾಗಿದ್ದನ್ನು ನೋಡಿಯೂ ನೋಡದ ಹಾಗೆ ಕತ್ತರಿ ಹುಡುಕಿದಿರಿ, ಅಲ್ವಾ?

ಹೆಸರು ಕೇಳೋದೇ ಮರೆತೆ. ತುಂಬಾ ಥ್ಯಾಂಕ್ಸ್. ಕೊನೆಯ ದಿನ ಕರಿಯ ನಿಮ್ಮ ಕೈ ನೆಕ್ಕಿದ್ದು ಪ್ರೀತಿಗೋ ಜೇನಿಗೋ, ಅವನನ್ನೇ ಕೇಳಬೇಕು.